ಆದಮ್ಮನ ಬೋಳುಕುತ್ತಿಗೆ ಕೋಳಿ

ನನ್ನ ಅಜ್ಜ ದ್ಯಾವಪ್ಪ ನಿಜಾಮರ ಕಾಲದಲ್ಲಿ ಪಾಮನಕಲ್ಲೂರಿನ ಹತ್ತಿರದ ಒಂದು ಸಣ್ಣ ಹಳ್ಳಿಗೆ ತಳವಾರನಾಗಿದ್ದ. ಹೆಸರಿಗೆ ಊರ ಕಾವಲು. ಆದರೆ ಸರಕಾರಿ ಸಾಹೇಬರು ಊರಲ್ಲಿ ಮುಕ್ಕಾಮು ಹೂಡಿದಾಗ ಮನೆಮನೆಗೆ ಹೋಗಿ ಬಿಟ್ಟಿ ಕೋಳಿ ಹಿಡಿದು ತರುವುದೇ ಅವನ ದೊಡ್ಡ ಕೆಲಸ. ನಮ್ಮ ಮನೆಯಲ್ಲಿ ಅವನ ಕೆಂಪು ರುಮಾಲನ್ನೂ ಕೈಯಲ್ಲಿನ ಕೋಲನ್ನೂ ಬಹಳ ಜಂಬದಿಂದ ವರ್ಣಿಸುತ್ತಿದ್ದರು. ಕಂಕುಳಲ್ಲಿದ್ದ ಕೋಳಿಯ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅದನ್ನು ನನಗೆ ಹೇಳಿದವನು ಅಜ್ಜನೇ, ಮುಪ್ಪಿನಲ್ಲಿ, ನನ್ನ ಮುಖ ನೋಡದೆ.

ಕೋಳಿಗಳ ಗುಣ ಅವನಷ್ಟು ಬಲ್ಲವರು ಇರಲಿಲ್ಲವಂತೆ. ಗೌಡರ ಹಿತ್ತಲಲ್ಲಿ ಅಸೀಲ್ ಜಾತಿಯ ಕಾಳಗದ ಕೋಳಿಗಳಿದ್ದವು. ಉದ್ದ ಕಾಲು, ಮೂಗಿನ ತುದಿಯಲ್ಲೇ ಸಿಟ್ಟು. ಹುಂಜ ಹಾಗಿರಲಿ, ಹೇಂಟೆಯೂ ಹಿಂದೆ ಸರಿಯದೆ ಕೈಗೆ ಎಗರುತ್ತಿತ್ತು. ಉಳಿದ ಮನೆಗಳ ಜವಾರಿ ಕೋಳಿಗಳು ಬಲು ಚಾಲಾಕಿ. ಓಣಿಯ ತುದಿಯಲ್ಲಿ ಅಜ್ಜನ ರುಮಾಲು ಕಂಡರೆ ಬೇವಿನ ಗಿಡ ಹತ್ತಿ ಕೂಡುತ್ತಿದ್ದವು. ಬೋಳುಕುತ್ತಿಗೆಯ ಜಾತಿ ಮಾತ್ರ ತೀರ ಸಾಧು. ಕುತ್ತಿಗೆಗೆ ಪುಕ್ಕವಿಲ್ಲದ, ನೋಡಲು ಅಂದವಿಲ್ಲದ ಆ ಕೋಳಿ, ಸಾಕಿದವರು ಕರೆದರೆ ಓಡಿ ಬಂದು ಕಾಲ ಬಳಿ ನಿಲ್ಲುತ್ತಿತ್ತು. ಅಂಥದ್ದು ಊರಲ್ಲಿ ಒಂದೇ ಇತ್ತು, ಆದಮ್ಮನ ಮನೆಯಲ್ಲಿ.

ಆದಮ್ಮ ಗಂಡ ಸತ್ತವಳು, ಕಳೆ ತೆಗೆಯುವ ಕೂಲಿಗೆ ಹೋಗುವವಳು. ಮಗಳು ಗಾಳೆಮ್ಮ ಬಾಣಂತನಕ್ಕೆ ಬಂದಿದ್ದಳು. ಕೂಸಿನೊಂದಿಗೆ ಗಂಡನ ಊರು ಜವಳಗೇರಿಗೆ ಮರಳುವಾಗ ಅವಳ ಜೊತೆ ಕಳಿಸಲು ತಾಯಿಯ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಕೋಳಿಮರಿಗಳನ್ನಾದರೂ ಕೊಡೋಣವೆಂದು ಹನ್ನೊಂದು ತತ್ತಿ ಇಟ್ಟು ಬೋಳುಕುತ್ತಿಗೆಯನ್ನು ಕಾವಿಗೆ ಕೂಡಿಸಿದ್ದಳು. ಕಾವಿಗೆ ಕೂತ ಕೋಳಿಯನ್ನು ಯಾವ ಸಾಹೇಬ ಬಂದರೂ ಹಿಡಿಯಬಾರದೆಂಬುದು ಊರ ಕಟ್ಟಳೆ. ಬಾಗಿಲಲ್ಲಿ ನಿಂತು "ಕಾವಿಗೆ ಕುಂತೈತ್ರಿ" ಎಂದರೆ ತಳವಾರ ಹಿಂದಿರುಗಲೇಬೇಕು.

ಅಷ್ಟರಲ್ಲಿ ಸಾಹೇಬರ ಮುಕ್ಕಾಮು ಬಂತು. ಮಧ್ಯಾಹ್ನದೊಳಗೆ ಮೂರು ಕೋಳಿ ಬೇಕೆಂದು ಹುಕುಂ ಆಗಿತ್ತು. ಎರಡು ಸಿಕ್ಕವು. ಮೂರನೆಯದಕ್ಕೆ ಅಜ್ಜ ಗೌಡರ ಹಿತ್ತಲಿನ ಬಾಗಿಲವರೆಗೆ ಹೋದ, ನಿಂತ, ವಾಪಸು ಬಂದ. ಆದಮ್ಮ ಹೊಲಕ್ಕೆ ಹೋಗಿದ್ದಳು. ಬಾಣಂತಿ ಒಳಗೆ ಮಲಗಿದ್ದಳು. ಕೋಳಿ ಪಡಸಾಲೆಯ ಬುಟ್ಟಿಯಲ್ಲಿತ್ತು. ಒಳಗೆ ಹೋದರೆ ಗಾಳೆಮ್ಮ ಏಳುತ್ತಾಳೆ, ಕಟ್ಟಳೆಯ ಮಾತು ಆಡುತ್ತಾಳೆ. ಅಜ್ಜ ಓಣಿಯಲ್ಲೇ ನಿಂತು ನಾಲ್ಕು ಕಾಳು ಜೋಳ ಚೆಲ್ಲಿದ. ದನಿ ಸಣ್ಣ ಮಾಡಿ, ಥೇಟ್ ಆದಮ್ಮನ ಹಾಗೆಯೇ ಕರೆದ: "ಬಾ ನನ್ನವ್ವ, ಬಾ ಬಾ."

ಕೋಳಿ ತತ್ತಿ ಬಿಟ್ಟು ಎದ್ದು ಬಂತು. ಹಿಡಿಯುವಾಗ ಕೊಸರಾಡಲೂ ಇಲ್ಲ.

ಸಂಜೆ ಆದಮ್ಮ ಬಂದಳು. "ತಮ್ಮಾ, ಕಾವಿನ ಕೋಳಿ ಒಯ್ದೀಯಂತಲ್ಲ?"

"ಓಣ್ಯಾಗ ಮೇಯಾಕತ್ತಿತ್ತು ಯಕ್ಕಾ. ಕಾವಿಗೆ ಕುಂತಿದ್ದು ನನಗೇನ್ ಗೊತ್ತು?"

ಅವಳು ಜಗಳ ತೆಗೆಯದೆ ಮನೆಗೆ ಹೋದಳು. ಮರಿ ಒಡೆಯಲು ಇನ್ನು ಮೂರೇ ದಿನ ಇತ್ತು. ತತ್ತಿಗಳೆಲ್ಲ ತಣ್ಣಗಾಗಿ ಕೆಟ್ಟವು. ಗಾಳೆಮ್ಮ ಬರಿಗೈಯಲ್ಲಿ ಗಂಡನ ಮನೆಗೆ ಹೋದಳು.

ಇಷ್ಟು ಕೇಳಿ ನನಗೆ ಸಿಟ್ಟು ಬಂತು. "ಅಸೀಲ್ ಕುಕ್ಕತೈತಿ ಅಂತ ಅಂಜಿ ಪಾಪದ ಕೋಳಿ ಹಿಡದ್ಯಾ?" ಎಂದೆ.

"ಕೋಳಿಗೆ ಎಲ್ಲಿ ಅಂಜಿದ್ನೋ ತಮ್ಮಾ," ಎಂದ ಅಜ್ಜ. "ಗೌಡ್ರು ಬಾರಕೋಲು ತಗೀತಾರ, ಆದಮ್ಮ ಬಾಯಿನೂ ತಗ್ಯಾಂಗಿಲ್ಲ. ನಾ ನೋಡಿದ್ದು ಮನಿಯವ್ರ ಗುಣ. ಮಂದಿ ಮುಂದ ಮಾತ್ರ ಕೋಳಿ ಗುಣ ಅಂತಿದ್ದೆ." ನಾಚಿಕೆಯಿಂದ ಅವನ ಕಿವಿ ಕೆಂಪಾಗಿದ್ದವು. ಅಷ್ಟು ವಯಸ್ಸಾದವರು ಹಾಗೆ ನಾಚಿದ್ದನ್ನು ನಾನು ನೋಡಿರಲಿಲ್ಲ.

ಆ ಕೋಳಿ ಹೋದ ಮರುವರ್ಷ ಮತ್ತೆ ಸಾಹೇಬರ ಮುಕ್ಕಾಮು ಬಂತು. ಆದಮ್ಮ ಅಷ್ಟರಲ್ಲಿ ತಂಗಿಯ ಮನೆಯಿಂದ ಅದೇ ಜಾತಿಯ ಮರಿ ತಂದು ಸಾಕಿದ್ದಳು. ಅಜ್ಜ ಆ ಓಣಿಗೆ ಕಾಲಿಡಬಾರದೆಂದುಕೊಂಡು ಬೇರೆ ದಾರಿ ಹಿಡಿದಿದ್ದ. ಅವಳೇ ಎದುರಿಗೆ ಬಂದಳು. ಕೈಯಲ್ಲಿ ಕೋಳಿ ಇತ್ತು. ಹಳೆ ಸೀರೆಯ ಚೂರಿನಿಂದ ಅದರ ಕಾಲು ಕಟ್ಟಿದ್ದಳು.

"ನಾ ಇನ್ನೂ ಕೇಳೇ ಇಲ್ಲಲ್ಲ ಯಕ್ಕಾ," ಎಂದ ಅಜ್ಜ.

"ತಗೋ ತಮ್ಮಾ. ಇದನ್ನ ಮಾತ್ರ ನನ್ನ ದನೀಲೆ ಕರೀಬ್ಯಾಡ. ಅವತ್ತು ಒಳಗ ಮಲಗಿದ್ದ ನನ್ನ ಮಗಳೂ ಅವ್ವ ಬಂದಾಳ ಅಂತ ತಿಳಕೊಂಡಿದ್ಲು."

ಅಜ್ಜ ಅಲ್ಲಿಗೆ ಮಾತು ನಿಲ್ಲಿಸಿದ. ನಾನು ಬಿಡಲಿಲ್ಲ.

"ತಗೊಂಡ್ಯಾ?"

"ಸಾಹೇಬ್ರು ಕಾಯಾಕತ್ತಿದ್ರು," ಎಂದ. ಆಮೇಲೆ ತಾನೇ ಹೇಳಿದ: "ತಗೊಂಡೆ."