ಶಿವವ್ವನ ಮುಂಗೈ

ಶಿವವ್ವ ಸುಲಭಕ್ಕೆ ಯಾರನ್ನೂ ನಂಬುವ ಹೆಂಗಸಲ್ಲ. ಕುಡುಕ ಗಂಡನ ಹೊಡೆತ ತಾಳಲಾರದೆ ಮಗಳು ಗೀತಾಂಜಲಿಯನ್ನು ಕಟ್ಟಿಕೊಂಡು ಬಾದಾಮಿ ಕಡೆಯಿಂದ ಗೋವೆಯ ಸಾಂಗೆಗೆ ಓಡಿಬಂದವಳು. ಸಿಕ್ಕರೆ ಕಡಿದು ಹಾಕುತ್ತೇನೆಂದು ಅವನು ಊರೆಲ್ಲ ಸಾರಿದ್ದ. ಹಾಗಾಗಿ ಹೊಸಬರು ಯಾರೇ ಬಂದರೂ ಅವಳಿಗೆ ಗುಮಾನಿ. ಹಾಲಿನವನನ್ನೂ "ಯಾವೂರಾಂವೋ ನೀ?" ಎಂದು ಕೇಳಿಯೇ ಪಾತ್ರೆ ಹಿಡಿಯುತ್ತಿದ್ದಳು.

ಆಗ ಅಲ್ಲಿನ ನಮ್ಮ ಹಳೆಯ ಚಾಪೆಲ್ಲಿನ, ಅಂದರೆ ಪುಟ್ಟ ಚರ್ಚಿನ, ದುರಸ್ತಿ ನಡೆದಿತ್ತು. ಹಳೇ ಗೋಡೆಗೆ ಸಿಮೆಂಟ್ ಮುಟ್ಟಿಸುವಂತಿಲ್ಲ, ಸುಣ್ಣದ ಗಾರೆಯೇ ಆಗಬೇಕು. ಬೆಲ್ಲದ ನೀರು ಬೆರೆಸಿ ಸುಣ್ಣ ಅರೆಯುವ ಕೆಲಸ ಶಿವವ್ವನದು. ನಾನು ಧಾರವಾಡದವಳು, ಚಾಪೆಲ್ಲಿನ ಆಫೀಸು ನೋಡಿಕೊಳ್ಳುತ್ತಿದ್ದೆ. ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ವೆಬ್‌ಸೈಟ್ ಮಾಡಿಸಲು ಪಾದ್ರಿಗಳು ಕಾರವಾರದ ಹುಡುಗ ಅಮೇಯನನ್ನು ಕರೆಸಿದರು. ಕ್ಯಾಮೆರಾ ಕಂಡದ್ದೇ ತಡ, ಶಿವವ್ವ ಮುಖಕ್ಕೆ ಸೆರಗೆಳೆದುಕೊಂಡಳು.

"ಇದನ್ನ ಯಾರ್ ನೋಡ್ತಾರ್ರಿ?"

"ಇಡೀ ಜಗತ್ತೇ ನೋಡ್ತದೆ," ಎಂದ ಅಮೇಯ, ಹೆಮ್ಮೆಯಿಂದ.

"ಜಗತ್ತಿನಾಗ ನನ್ನ ಗಂಡನೂ ಅದಾನಲ್ರಿ!"

ಅಮೇಯ ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. "ಆಕಿ ಮಾರಿ ಫೋಟೋದಾಗ ಬಂತು ಅಂದ್ರ ನೋಡ ಮತ್ತ!" ಎಂದು ಗದರಿಸಿದೆ. ಇಲ್ಲಕ್ಕಾ, ದೇವರಾಣೆ ಎಂದ.

ತಿಂಗಳಾದ ಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲರಿಗೂ ತೋರಿಸಿದ. ವೆಬ್‌ಸೈಟ್ ಶುರುವಾಗಿ ಆಗಲೇ ಕೆಲವು ದಿನವಾಗಿತ್ತಂತೆ. ಶಿವವ್ವ ಬಾಗಿಲಲ್ಲೇ ನಿಂತು ಕತ್ತು ಚಾಚಿದಳು. ಮೊದಲ ಪುಟದ ತುಂಬ ಸುಣ್ಣ ಅರೆಯುವ ಒಂದು ಕೈ. ಮುಖವಿಲ್ಲ, ನಿಜ. ಆದರೆ ಮುಂಗೈ ಮೇಲೆ ಮದುವೆಯಲ್ಲಿ ಹಾಕಿಸಿದ ಹಚ್ಚೆ! ಗಂಡನ ಹೆಸರು, ಅಡ್ಡಹೆಸರು, ಅಕ್ಷರ ಅಕ್ಷರ ಓದಬಹುದಿತ್ತು.

"ಯಾರ ಹೆಸರು ಇದು?" ಎಂದು ಆ ಪೆದ್ದ ಕೇಳಿದ. ಗಂಡನ ಹೆಸರು ಬಾಯಲ್ಲಿ ತರುವ ರೂಢಿ ಶಿವವ್ವನಿಗಿಲ್ಲ. "ಅವರದರಿ..." ಎಂದವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಿನ್ನ ಕಣ್ಣಾಗ ಮಣ್ಣ ಬಿದ್ದಿತ್ತೇನೋ?" ಎಂದು ನಾನು ಕೂಗಾಡಿದೆ. ಅಮೇಯ ಗಡಬಡಿಸಿ ವೆಬ್‌ಸೈಟಿನಿಂದ ಆ ಫೋಟೋ ಅಳಿಸಿದ. ಇನ್ನು ಯಾರಿಗೂ ಕಾಣುವುದಿಲ್ಲ ಎಂದ.

"ಇಷ್ಟ ದಿನ ಕಂಡವರಿಗೆ?" ಎಂದಳು ಶಿವವ್ವ.

ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಗುಡಿಸಲಿಗೂ ಬೀಗ. ಗಂಡನೇ ಬಂದು ಎಳೆದೊಯ್ದನೋ ಏನೋ ಎಂದು ನನಗೆ ಊಟ ಸೇರಲಿಲ್ಲ. ವಾರ ಕಳೆದು, ಅಮೇಯನೂ ಆಫೀಸಿನಲ್ಲಿದ್ದಾಗ, ಮಗಳೊಂದಿಗೆ ಬಂದಳು, ಉಸಗಾಂವದ ತಂಗಿಯ ಮನೆಯಲ್ಲಿದ್ದಳಂತೆ. ಮುಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಸುಡುವ ಸುಣ್ಣ ಮೆತ್ತಿ ಕಟ್ಟಿಕೊಂಡಿದ್ದಳು. ಚರ್ಮದ ಜೊತೆ ಹೆಸರೂ ಎದ್ದುಹೋಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ್ರಿ ಅಕ್ಕಾರ," ಎಂದವಳು, ಆ ಕೈಯನ್ನು ಅಮೇಯನ ಕಡೆ ಚಾಚಿದಳು.

"ಈಗ ಹೊಡಿ ತಮ್ಮಾ, ಫೋಟೋ."