ನೆಲ್ಲಿ ರಸದ ಮೇಲೆ ತುಪ್ಪದ ಪೊಂಗಲ್

ನಮ್ಮ ಮನೆಯಲ್ಲಿ ಎಣ್ಣೆ ಬಾಟಲಿಯಿಂದ ನೇರವಾಗಿ ಬಾಣಲೆಗೆ ಬೀಳುವಂತಿಲ್ಲ, ಚಮಚದಲ್ಲಿ ಅಳೆದೇ ಬೀಳಬೇಕು. ಯಜಮಾನರ ಕೊಲೆಸ್ಟ್ರಾಲ್ ಏರಿದೆ, ಲಿವರ್‌ನಲ್ಲಿ ಕೊಬ್ಬು ಸೇರಿದೆ ಎಂದು ಗೊತ್ತಾದ ಮೇಲೆ ತುಪ್ಪ ತರುವುದನ್ನೇ ನಿಲ್ಲಿಸಿದೆ. ರಾತ್ರಿಯ ಊಟ ಏಳಕ್ಕೇ ಮುಗಿಯುತ್ತಿತ್ತು. ಇಷ್ಟೆಲ್ಲ ಆದರೂ ಈ ಸಲದ ಸ್ಕ್ಯಾನ್ ಹಿಂದಿನದಕ್ಕಿಂತ ಕೆಟ್ಟದಾಗಿತ್ತು.

ಡಾಕ್ಟರು ರಿಪೋರ್ಟನ್ನು ಮತ್ತೊಮ್ಮೆ ತಿರುವಿ ನೋಡಿದರು. ಲಿವರ್ ಗಟ್ಟಿಯಾಗಲು ಶುರುವಾಗಿದೆ, ಈಗ ತಡೆದರೆ ಸರಿಹೋಗಬಹುದು, ಇನ್ನೂ ಮುಂದುವರಿದರೆ ಕಷ್ಟ ಎಂದರು. ಹೊರಗೆ ಏನು ತಿನ್ನುತ್ತೀರಿ ಎಂದೂ ಕೇಳಿದರು.

“ಏನೂ ಇಲ್ಲ ಡಾಕ್ಟರ್. ವಾಕಿಂಗ್ ಆದ್ಮೇಲೆ ನೆಲ್ಲಿಕಾಯಿ ಜ್ಯೂಸ್, ಅಷ್ಟೇ.” ಇವರು ನನ್ನ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನಾನೂ ಚಪ್ಪಲಿ ಮೆಟ್ಟಿದೆ.

“ನೀನ್ಯಾಕೆ ಬರ್ತೀಯ?”

“ಯಾಕ್ರೀ, ಸಮುದ್ರದ ಗಾಳಿ ನಿಮಗೊಬ್ಬರಿಗೇನಾ?”

ಬೆಸೆಂಟ್ ನಗರದ ಬೀಚಿನಲ್ಲಿ ಇವರ ಗೆಳೆಯರೆಲ್ಲ ಸೇರಿದ್ದರು. ನಡಿಗೆ ಮುಗಿಯಿತು. ಜ್ಯೂಸಿನ ಗಾಡಿಯ ಮುಂದೆ ನಿಂತು ಎಲ್ಲರೂ ಮುಖ ಹಿಂಡಿಕೊಂಡು ನೆಲ್ಲಿ ರಸ ಕುಡಿದರು. ಲೋಟ ಕೆಳಗಿಟ್ಟವರೇ ಒಬ್ಬರನ್ನೊಬ್ಬರು ಕೇಳದೆ ರಸ್ತೆ ದಾಟಿ ಹೋಟೆಲಿಗೆ ನುಗ್ಗಿದರು. ನಾನೂ ಹಿಂದೆಯೇ ಹೋದೆ.

ಸರ್ವರ್ ಇವರನ್ನು ಕಂಡ ಕೂಡಲೇ, “ಸಾರ್, ಪೊಂಗಲ್ ವಡೈ ದಾನೇ? ನೆಯ್ ಎಕ್ಸ್‌ಟ್ರಾ?” ಎಂದ. ಪೊಂಗಲ್ ವಡೆ ತಾನೇ, ತುಪ್ಪ ಜಾಸ್ತಿಯೇ ಎಂದು ತಮಿಳಿನಲ್ಲಿ ಕೇಳಿದ್ದು ಹೆಸರಿಗೆ ಮಾತ್ರ. ತುಪ್ಪ ತೇಲುವ ತಟ್ಟೆ ಆಗಲೇ ಅವನ ಕೈಯಲ್ಲಿತ್ತು.

ನಾನು ಇವರನ್ನೇ ನೋಡಿದೆ.

“ಹಾಗಲ್ಲ ಕಣೇ. ನೆಲ್ಲೀಲಿ ಆಂಟಿಆಕ್ಸಿಡೆಂಟ್ ಇದೆ. ಇಲಿಗಳಿಗೆ ಕೊಬ್ಬು ತಿನ್ಸಿ, ಜೊತೆಗೆ ನೆಲ್ಲಿ ರಸ ಕೊಟ್ರೆ ಲಿವರ್ ಅಷ್ಟು ಕೆಡಲ್ವಂತೆ. ನಮ್ಮ ಗ್ರೂಪಲ್ಲೇ ಬಂದಿತ್ತು.”

“ಜ್ಯೂಸ್ ಒಳಗೆ ಕಾವಲಿಗೆ ನಿಂತಿದೆ ಮೇಡಂ, ಪೊಂಗಲ್ ಧೈರ್ಯವಾಗಿ ಹೋಗಲಿ ಬಿಡಿ” ಎಂದು ಪಕ್ಕದ ಗೆಳೆಯರೊಬ್ಬರು ತಮಿಳಿನಲ್ಲಿ ಹೇಳಿ ನಕ್ಕರು. ಮೇಜಿಗೆ ಮೇಜೇ ನಕ್ಕಿತು.

ನನಗೆ ನಗು ಬರಲಿಲ್ಲ. “ದಿನಾ ಆ ಜ್ಯೂಸ್ ಕುಡೀತಿದ್ದಾಗಲೇ ಅಲ್ವೇನ್ರೀ ಲಿವರ್ ಗಟ್ಟಿಯಾಗಿದ್ದು? ಇಲಿ ಲಿವರ್ ಕಟ್ಟಿಕೊಂಡು ನಾನೇನು ಮಾಡ್ಲಿ? ನಿನ್ನೆ ಡಾಕ್ಟ್ರು ನೋಡಿದ್ದು ನಿಮ್ಮದು.”

ಇವರ ಚಮಚ ಪೊಂಗಲಿನ ಅಂಚಿನಲ್ಲೇ ನಿಂತಿತ್ತು. ಈಗ ಒಂದು ತುತ್ತು ಬಾಯಿಗೆ ಹೋದರೆ ಇನ್ನು ನನ್ನ ಯಾವ ಮಾತೂ ನಡೆಯುವುದಿಲ್ಲ ಎಂದುಕೊಂಡೆ. ತಟ್ಟೆ ಕಿತ್ತುಕೊಳ್ಳಬೇಕು ಎನ್ನಿಸಿತು. ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದೆ.

“ಈಗ ಬಿಟ್ರೆ ಸರಿಹೋಗುತ್ತೆ ಅಂದ್ರಲ್ವಾ ಡಾಕ್ಟ್ರು?” ಇವರ ದನಿ ಸಣ್ಣದಾಗಿತ್ತು.

“ಸರಿಹೋಗಬಹುದು ಅಂದ್ರು. ಹೋಗುತ್ತೆ ಅನ್ನಲಿಲ್ಲ.”

ಇವರು ಚಮಚ ಕೆಳಗಿಟ್ಟರು. ಗೆಳೆಯರ ಕಡೆ ತಿರುಗಿ, ಮನೆಯಲ್ಲಿ ನನ್ನೆದುರು ಕೂಡ ಬಾಯಿಬಿಟ್ಟು ಹೇಳದಿದ್ದುದನ್ನು ತಮಿಳಿನಲ್ಲಿ ಹೇಳಿದರು: ನನ್ನ ಲಿವರ್ ಗಟ್ಟಿಯಾಗುತ್ತಿದೆ, ಜ್ಯೂಸ್ ನನ್ನನ್ನು ಕಾಯಲಿಲ್ಲ. ಈಗಷ್ಟೇ ನಕ್ಕವರು ತಮ್ಮ ತಟ್ಟೆಯನ್ನೇ ನೋಡುತ್ತ ಕೂತರು.

“ಎರಡು ಇಡ್ಲಿ ಹೇಳು” ಎಂದರು ನನಗೆ. “ತುಪ್ಪ ಹಾಕ್ಬೇಡ ಅಂತ ಆ ಸರ್ವರ್‌ಗೆ ನಾನೇ ಹೇಳ್ತೀನಿ.”