ಚೀಲದಲ್ಲೇ ಉಳಿದ ತಗಡು

ಶಕ್ತಿನಗರದ ಮೋಹನದಾಸರು ಮೂವತ್ತೈದು ವರ್ಷಗಳಿಂದ ಇಂಧನದ ಟ್ಯಾಂಕುಗಳ ಮೇಲೆ ಎಚ್ಚರಿಕೆಯ ಅಕ್ಷರ ಬರೆಯುತ್ತ ಬಂದವರು. ಕೆಂಪಿನಲ್ಲಿ ‘ಡೀಸೆಲ್’, ಕೆಳಗೆ ‘ಬೆಂಕಿ ತಾಗಿಸಬೇಡಿ’, ಪಕ್ಕದಲ್ಲೊಂದು ಜ್ವಾಲೆಯ ಚಿತ್ರ. ಹಳೆಯ ಅಕ್ಷರದ ಮೇಲೆ ಬೆಳ್ಳಿಬಣ್ಣ ಬಳಿದು, ಅದು ಒಣಗಿದ ಮೇಲೆಯೇ ಹೊಸದು ಬರೆಯಬೇಕು. ಆ ನಡುವಿನ ಹೊತ್ತು ಟ್ಯಾಂಕಿಗೆ ಹೆಸರಿಲ್ಲ. ಅದಕ್ಕೆಂದೇ ಅವರ ಚೀಲದಲ್ಲಿ ‘ಅಪಾಯ’ ಎಂದು ಬರೆದ ತಗಡೊಂದು ಇರುತ್ತಿತ್ತು. ಅದನ್ನು ಟ್ಯಾಂಕಿಗೆ ಕಟ್ಟದೆ ಅವರು ಮನೆಗೆ ಹೊರಟವರಲ್ಲ.

ಆ ದಿನ ಬಜಪೆಯ ಲಾರಿ ಶೆಡ್ಡಿನಲ್ಲಿ ಎರಡು ಖಾಲಿ ಟ್ಯಾಂಕುಗಳಿಗೆ ಬಣ್ಣ ಬಳಿದರು. ಒಂದು ಡೀಸೆಲಿನದು, ಒಂದು ನೀರಿನದು. ತೇವದ ಗಾಳಿಗೆ ಬಣ್ಣ ಒಣಗಲಿಲ್ಲ. ನಾಳೆ ಬರೆದರಾಯಿತೆಂದು ಬಸ್ಸು ಹತ್ತಿದರು. ಮರವೂರು ಸೇತುವೆಯ ಮೇಲೆ ಫೋನು ಬಂತು. ತಂಗಿಯ ಒಬ್ಬನೇ ಮಗ, ವೆಲ್ಡರ್ ರೂಪೇಶ್.

“ಮಾವ, ನೀವು ಬಣ್ಣ ಕೊಟ್ಟ ಶೆಡ್ಡಿಗೇ ಬಂದಿದ್ದೇನೆ. ನೀರಿನ ಟ್ಯಾಂಕ್ ತೂತಂತೆ. ಬಣ್ಣಕ್ಕೆ ಸ್ವಲ್ಪ ಮಸಿ ಆಗ್ತದೆ, ಮತ್ತೆ ಬೈಬೇಡಿ.”

ಅವನು ಫೋನಿಟ್ಟ ಮೇಲೂ ಮೋಹನದಾಸರು ನಗುತ್ತಿದ್ದರು. ಚೀಲ ಸರಿಸಿದಾಗ ತಗಡಿನ ಮೂಲೆ ಮೊಣಕಾಲಿಗೆ ಚುಚ್ಚಿತು.

ಮತ್ತೆ ಫೋನು ಮಾಡಿದರು. ಅವನು ಎತ್ತಲಿಲ್ಲ. ಶೆಡ್ಡಿನವರೂ ಎತ್ತಲಿಲ್ಲ. ಸೇತುವೆ ದಾಟುತ್ತಲೇ ಇಳಿದು ರಿಕ್ಷಾ ಹತ್ತಿದರು.

“ಬಜಪೆ. ಬೇಗ.”

“ಫ್ಲೈಟ್ ಎಷ್ಟೊತ್ತಿಗೆ?” ಬಜಪೆಯೆಂದರೆ ವಿಮಾನ ನಿಲ್ದಾಣವೆಂದುಕೊಂಡ ಚಾಲಕ ಇಮ್ತಿಯಾಝ್ ಕೇಳಿದ.

“ಫ್ಲೈಟ್ ಅಲ್ಲ ಮಾರಾಯ. ಅಳಿಯ.”

ಕನ್ನಡಿಯಲ್ಲಿ ಅವರ ಮುಖ ಕಂಡು ಅವನು ರಿಕ್ಷಾದ ವೇಗ ಹೆಚ್ಚಿಸಿದ. ಖಾಲಿ ಟ್ಯಾಂಕಿನೊಳಗೆ ಆವಿ ಕೂತಿರುತ್ತದೆ, ಒಂದು ಕಿಡಿ ಸಾಕು. ಹೊಸ ಬಣ್ಣದ ವಾಸನೆಯಲ್ಲಿ ಡೀಸೆಲಿನ ವಾಸನೆ ಹುಡುಗನಿಗೆ ತಿಳಿಯದು. ತಂಗಿಗೆ ಏನೆಂದು ಹೇಳುವುದು? ದಾರಿಯುದ್ದಕ್ಕೂ ಅವರು ಆಕಾಶದಲ್ಲಿ ಹೊಗೆ ಹುಡುಕಿದರು.

ಶೆಡ್ಡಿನಲ್ಲಿ ಎರಡೂ ಟ್ಯಾಂಕುಗಳು ಅವಳಿಗಳಂತೆ ಹೊಳೆಯುತ್ತಿದ್ದವು. ಒಂದು ಕ್ಷಣ ಅವರಿಗೇ ಗುರುತು ಹತ್ತಲಿಲ್ಲ. ಎಡದ್ದು ಡೀಸೆಲಿನದು. ಅದರೆದುರೇ ಕುಕ್ಕರುಗಾಲಲ್ಲಿ ಕೂತ ರೂಪೇಶ್ ಬೆಸುಗೆಗೆಂದು ಮುಖವಾಡ ಮುಖದ ಮೇಲೆ ಇಳಿಸುತ್ತಿದ್ದ. ಅವರು ಓಡಿಹೋಗಿ ವೆಲ್ಡಿಂಗ್ ಮಷೀನಿನ ಸ್ವಿಚ್ಚು ಆರಿಸಿದರು.

“ಎಂತ ಮಾವ? ನಿಮ್ಮ ಚಪ್ಪಲಿ ಎಲ್ಲಿ?”

ಮೋಹನದಾಸರು ಎಡದ ಟ್ಯಾಂಕಿನ ಹಸಿ ಬಣ್ಣದಲ್ಲಿ ಬೆರಳೂರಿ ‘ಡೀಸೆಲ್’ ಎಂದು ಬರೆದರು. ಅಷ್ಟು ಸೊಟ್ಟ ಅಕ್ಷರ ಅವರು ಎಂದೂ ಬರೆದಿರಲಿಲ್ಲ. ಓದಿದ ರೂಪೇಶ್ ಮುಖವಾಡ ಕಳಚಿ ನೆಲದಲ್ಲಿಟ್ಟ, ಅಲ್ಲೇ ಕೂತುಬಿಟ್ಟ.

ಚೀಲದಿಂದ ತಗಡು ತೆಗೆದು ಕಟ್ಟಲು ಹೋದರೆ ಬೆರಳುಗಳಿಗೆ ಗಂಟು ಹಾಕಲಾಗಲಿಲ್ಲ. ಕೊನೆಗೆ ರೂಪೇಶನೇ ಎದ್ದು ಹಗ್ಗ ಇಸಿದುಕೊಂಡ.

“ಬಿಡಿ ಮಾವ,” ಎಂದ, “ನಾನು ಕಟ್ತೇನೆ.”